ಉಣ್ಣೆಗೆ ಮೈಲಿಗೆಯಿಲ್ಲ

ಸ್ಕಾಟ್ಲೆಂಡ್
16 ಸೆಪ್ಟೆಂಬರ್ 2024

ಮಾತೃಶ್ರೀ ಸಮಾನರಾದ ಅತ್ತೆಯವರಿಗೆ,

ನಿಮ್ಮ ಸೊಸೆ ವಾರಿಜಾ ಕಡಲ ದಂಡೆಯ ಈ ಚಳಿಯೂರಿನಿಂದ ಮಾಡುವ ನಮಸ್ಕಾರಗಳು. ನಾನು ಕ್ಷೇಮ, ಈಶ್ವರಮ್ಮ ಕ್ಷೇಮ, ನಿಮ್ಮ ಶಾಲೂ ಕ್ಷೇಮ.

ನಿಮ್ಮ ಮಗನ ಹತ್ತಿರ ದಿನಾ ಫೋನಿನಲ್ಲಿ ಮಾತಾಡುತ್ತಿದ್ದೇನೆ. ಅದೇ ಫೋನು ನಿಮ್ಮ ಕೈಗೆ ಬಂದರೆ "ಹಾಂ? ಏನಂದೆ?" ಅನ್ನುವುದರಲ್ಲೇ ಮಾತು ಮುಗಿಯುತ್ತದೆ. ಹೊರಡುವಾಗ ನೀವೇ ಅಂದಿರಲ್ಲ, "ನನ್ನ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ, ಕಾಗದ ಬರಿ" ಅಂತ. ಬರೆಯುತ್ತಿದ್ದೇನೆ. ಇದನ್ನು ಫೋಟೋ ತೆಗೆದು ಇವರ ಮೊಬೈಲಿಗೆ ಕಳಿಸಬಹುದಿತ್ತು. ಆದರೆ ಇವರು ಓದಿಬಿಡುತ್ತಾರೆ. ಇದು ನಿಮಗೊಬ್ಬರಿಗೇ ಬರೆದದ್ದು, ಆದ್ದರಿಂದ ಅಂಚೆಗೇ ಹಾಕುತ್ತೇನೆ. ಬಾಗಿಲು ಮುಂದೆ ಮಾಡಿಕೊಂಡು, ಭೂತಕನ್ನಡಿ ಹಿಡಿದು ಓದಿ. ನಿಮ್ಮ ಶಾಲಿನ ವಿಷಯ ಒಂದಿದೆ, ಅದನ್ನು ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ. ಮೊದಲು ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಆಮೇಲೆ ಅದಕ್ಕೆ ಬರುತ್ತೇನೆ.

ನಮ್ಮ ಪಾರ್ಕಿನ ಹೆಣಿಗೆ ಗುಂಪಿನಲ್ಲಿ ನಿಮಗೆ ಹಿಡಿಸದವಳು ಒಬ್ಬಳೇ, ಈಶ್ವರಮ್ಮ. ಬಾಯಿ ಜೋರು ಅಂತೀರಿ. ಇಟ್ಟಮಡುವಿನಲ್ಲಿ ತನ್ನ ಮಾವನ ರಾಗಿ ಹೊಲವಿದ್ದ ಜಾಗದಲ್ಲಿ ಮನೆಗಳನ್ನು ಕಟ್ಟಿಸಿ ಬಾಡಿಗೆದಾರರನ್ನು ಗದರಿಸಿ ಗದರಿಸಿ ಬಂದ ಬಾಯಿ ಅದು. ಆ ಬಾಯಿ ಇರದಿದ್ದರೆ ನಾನು ದೇವನಹಳ್ಳಿಯಿಂದಲೇ ವಾಪಸು ಬರುತ್ತಿದ್ದೆ. ಏರ್‌ಪೋರ್ಟಿನಲ್ಲಿ ತಪಾಸಣೆಯ ಹುಡುಗಿ ನನ್ನ ಬಿದಿರು ಕಡ್ಡಿಗಳನ್ನು ಎತ್ತಿ ಹಿಡಿದು, ಇದೇನು ಆಯುಧ ಅನ್ನುವ ಹಾಗೆ ನೋಡಿದಳು. ಈಶ್ವರಮ್ಮ ಮುಂದೆ ನುಗ್ಗಿ, "ಮೇಡಂ, ಇದ್ರಾಗೆ ಯಾರ್ನೂ ಚುಚ್ಚಕ್ಕಾಗಲ್ಲ ಕಣಮ್ಮ, ನಮ್ ವಾರಿಜಮ್ಮ ಸೊಳ್ಳೆ ಹೊಡೆಯಕ್ಕೂ ಹೆದರ್ತಾರೆ. ನಿಂಗೆ ಮಗು ಐತಾ? ಇಲ್ಲೇ ಕೂತ್ಕೊಂಡು ಒಂದು ಕುಲಾವಿ ಹಾಕ್ಕೊಡ್ತಾರೆ, ನೋಡ್ತಿಯಾ?" ಅಂದಳು. ಹುಡುಗಿಗೆ ಎಷ್ಟು ಅರ್ಥವಾಯಿತೋ, ನಕ್ಕು ಕಡ್ಡಿ ವಾಪಸು ಕೊಟ್ಟಳು.

ವಿಮಾನದಲ್ಲಿ ನನ್ನ ಉಲ್ಲನ್ ಉಂಡೆ ಕೈ ಜಾರಿ ಸೀಟುಗಳ ಕೆಳಗೆ ಉರುಳಿಕೊಂಡು ಮುಂದೆ ಹೋಯಿತು. ಕತ್ತರಿಸುವಂತಿಲ್ಲ, ಎಳೆದರೆ ಇನ್ನೂ ಬಿಚ್ಚಿಕೊಳ್ಳುತ್ತದೆ. ಒಬ್ಬರ ಕಾಲಿನಿಂದ ಇನ್ನೊಬ್ಬರ ಕೈಗೆ ದಾಟಿಕೊಂಡು ಅದು ನನ್ನ ಹತ್ತಿರ ಬರುವಷ್ಟರಲ್ಲಿ ಆ ಸಾಲಿನವರೆಲ್ಲ ಪರಿಚಯವಾಗಿಬಿಟ್ಟಿದ್ದರು. ಪಕ್ಕದಲ್ಲಿದ್ದ ಬಿಳಿ ಹೆಂಗಸು, ನೀವು ಕೈ ನೋಡದೆಯೇ ಹೆಣೆಯುತ್ತೀರಲ್ಲ, ಇದನ್ನು ಎಲ್ಲಿ ಕಲಿತಿರಿ ಅಂತ ಕೇಳಿದರು. ಮನೆಯಲ್ಲಿ ಅಂದೆ. ಪೂರ್ತಿ ಹೇಳಲಿಲ್ಲ.

ಇಲ್ಲಿಯ ಉಣ್ಣೆ ಜಾತ್ರೆಯ ವೈಭವ ಏನು ಹೇಳಲಿ ಅತ್ತೆ! ಕಲ್ಯಾಣಮಂಟಪದಷ್ಟು ದೊಡ್ಡ ಕೊಟ್ಟಿಗೆ. ಅದರ ತುಂಬ ಕರಿ ಕುರಿ, ಕಂದು ಕುರಿ, ಕೊಂಬು ಸುರುಳಿ ಸುತ್ತಿದ ಟಗರು. ಈಶ್ವರಮ್ಮ ಒಂದು ಟಗರಿನ ತುಟಿ ಎತ್ತಿ ಹಲ್ಲು ನೋಡಿ, ವಯಸ್ಸು ಹೇಳಿ, ಅದರ ಯಜಮಾನನ ಬೆನ್ನು ತಟ್ಟಿ ಬಂದಳು. ಅವನಿಗೆ ಕನ್ನಡ ಬಾರದು, ಇವಳಿಗೆ ಇಂಗ್ಲಿಷ್ ಬಾರದು, ಆದರೂ ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಾನು ಎಳೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತಾ ಓಡಾಡಿದೆ. ಪಾಚಿಯ ಬಣ್ಣ, ಬೆಲ್ಲದ ಬಣ್ಣ, ನಮ್ಮ ಹಿತ್ತಲ ತುಳಸಿ ಒಣಗಿದಾಗ ಬರುವ ಬಣ್ಣ. ಅರವತ್ತು ಸಮೀಪಿಸಿದ ಹೆಂಗಸಿಗೆ ಇಷ್ಟು ಸಂತೋಷ ಆಗಬಾರದು ಅನ್ನಿಸುವಷ್ಟು ಸಂತೋಷವಾಯಿತು.

ಆ ಜಾತ್ರೆಯಲ್ಲಿ ಕೈ ಹೆಣಿಗೆಯ ಸ್ಪರ್ಧೆ ಇತ್ತು. ನಿಮ್ಮ ಶಾಲು ತಂದದ್ದು ಅದಕ್ಕೇ. ಹೊರಡುವ ಹಿಂದಿನ ದಿನ ಅದನ್ನು ನಾನು ಕೇಳಿದಾಗ ನೀವು ಬೀರುವಿನ ಬಾಗಿಲು ಮುಚ್ಚಿದಿರಿ. ಆಮೇಲೆ, "ಅದೇ ಯಾಕೇ? ಹಳೇದು. ಬೇರೆ ಯಾವುದಾದ್ರೂ ಹೊಸದು ತಗೊಂಡು ಹೋಗು" ಅಂದಿರಿ. ಪೂಜೆಗೆ ಹೊದೆಯುವ ಶಾಲನ್ನು ಕೊಡಲು ನಿಮಗೆ ಮನಸ್ಸಿಲ್ಲ ಅಂದುಕೊಂಡೆ. ನಾನೂ ಹಟ ಹಿಡಿದೆ. ನಾನು ಹೆಣೆದದ್ದರಲ್ಲಿ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಕೊನೆಗೆ ನೀವೇ ಬೀರು ತೆಗೆದು ಕೊಟ್ಟಿರಿ. ಮಡಿಗೆ ಉಡುವ ಉಣ್ಣೆಯ ಧಾಬಳಿಯ ಪಕ್ಕದಲ್ಲೇ ಇದ್ದರೂ ಧಾಬಳಿಗಿರುವ ನುಸಿಗುಳಿಗೆಯ ಘಾಟು ಇದಕ್ಕಿರಲಿಲ್ಲ, ಬರೀ ಗಂಧದ ವಾಸನೆ. ಇಲ್ಲಿಯ ಮೇಜಿನ ಮೇಲೆ ಅದನ್ನು ಬಿಡಿಸಿದಾಗ ನಮ್ಮ ದೇವರಮನೆಯೇ ಬಂದ ಹಾಗಾಯಿತು.

ಆ ಶಾಲು ಹುಟ್ಟಿದ ದಿನಗಳ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಿಲ್ಲ. ಈಗ ಮಾತಾಡಲೇಬೇಕು. ನಾನು ಮದುವೆಯಾಗಿ ಬಂದಾಗ ನಿಮ್ಮ ಅತ್ತೆ, ನಮ್ಮ ಅಜ್ಜಿ, ಇನ್ನೂ ಗಟ್ಟಿಯಾಗಿದ್ದರು. ಮನೆಯಲ್ಲಿ ಅವರ ಮಾತೇ ಕಾನೂನು. ತಿಂಗಳ ಆ ಮೂರು ದಿನ ನಾನು ಹಿತ್ತಲ ಜಗಲಿಯಲ್ಲಿ ಚಾಪೆ ಹಾಕಿಕೊಂಡು ಕೂರಬೇಕು. ಒಳಗಿನ ಯಾವುದನ್ನೂ ಮುಟ್ಟುವಂತಿಲ್ಲ. ಪುಸ್ತಕ ಸರಸ್ವತಿ, ಮುಟ್ಟಬಾರದು. ಅಕ್ಕಿ ಆರಿಸುವಂತಿಲ್ಲ, ಹೂ ಕಟ್ಟುವಂತಿಲ್ಲ. ಬಿ.ಎಸ್ಸಿ. ಓದಿದ ಹುಡುಗಿ ಕಾಗೆ ನೋಡಿಕೊಂಡು ಕೂತಿದ್ದೆ. ಅತ್ತೆ, ಆಗ ನನಗೆ ಬಹಳ ಕೋಪ ಬರುತ್ತಿತ್ತು. ಸ್ವಲ್ಪ ಈಗಲೂ ಇದೆ.

ಒಂದು ಸಲ ನೀವು ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿಗೆ ಹೋದವರು ಮರೂನ್ ಬಣ್ಣದ ಉಲ್ಲನ್ ಉಂಡೆಗಳನ್ನೂ ಎರಡು ಕಡ್ಡಿಗಳನ್ನೂ ತಂದು, ಜಗಲಿಯ ಅಂಚಿನಲ್ಲಿಟ್ಟು, ದೂರ ನಿಂತು ಸೀದಾ ಕುಣಿಕೆ ಹೇಗೆ, ಉಲ್ಟಾ ಹೇಗೆ ಅಂತ ಬೆರಳಲ್ಲೇ ತೋರಿಸಿದಿರಿ. ಅಜ್ಜಿ ಒಳಗಿಂದ, "ಅದನ್ನ ಮುಟ್ಟಿ ಆಮೇಲೆ ಒಳಗೆ ತರ್ತಾಳಾ?" ಅಂತ ಕೇಳಿದರು. ನೀವು ತಿರುಗಿ, "ಉಣ್ಣೆಗೆ ಮೈಲಿಗೆ ಇಲ್ಲ ಅಂತ ನೀವೇ ಹೇಳಿಲ್ವಾ ಅಮ್ಮ? ನಿಮ್ಮ ಧಾಬಳಿ ಏನು ದಿನಾ ಒಗೀತೀರಾ?" ಅಂದಿರಿ.

ಅಂದಿನಿಂದ ಆ ದಿನಗಳಲ್ಲಿ ನನಗೊಂದು ಕೆಲಸವಾಯಿತು. ನಾನು ಕೈ ನೋಡದೆ ಹೆಣೆಯುವುದು ಯಾಕೆ ಗೊತ್ತಾ? ನನ್ನ ಕಣ್ಣು ಅಡುಗೆಮನೆಯ ಕಿಟಕಿಯ ಮೇಲಿರುತ್ತಿತ್ತು. ನಾನಿಲ್ಲದೆಯೂ ಮನೆ ನಡೆಯುತ್ತದಲ್ಲ ಅಂತ ಸಂಕಟ. ನೋಡುತ್ತಾ ನೋಡುತ್ತಾ ಬೆರಳುಗಳೇ ಕುಣಿಕೆ ಲೆಕ್ಕ ಹಾಕಲು ಕಲಿತವು. ನಾಲ್ಕನೆಯ ದಿನ ಸ್ನಾನ ಮಾಡಿ ಒಳಗೆ ಬರುವಾಗ ಮೈಮೇಲಿನ ಬಟ್ಟೆ, ಹಾಸಿದ ಬಟ್ಟೆ ಎಲ್ಲ ನೀರಿಗೆ. ಹೆಣಿಗೆ ಮಾತ್ರ ನನ್ನ ಜೊತೆ ನೆಟ್ಟಗೆ ಒಳಗೆ ಬರುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಅದು ಶಾಲಾಯಿತು. ಆ ಧನುರ್ಮಾಸದಲ್ಲಿ ನೀವು ಅದನ್ನು ಹೊದ್ದು, ಅಜ್ಜಿಯ ಮುಂದೆಯೇ ದೇವರಮನೆಗೆ ಹೋಗಿ ಆರತಿ ಎತ್ತಿದಿರಿ. ಅವತ್ತು ನನಗಾದ ಹೆಮ್ಮೆಯನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಅಜ್ಜಿ ಹೋದ ಮೇಲೆ ನೀವು ನನ್ನ ಚಾಪೆಯನ್ನು ಜಗಲಿಯಿಂದ ಒಳಗೆ ತಂದು ಹಾಕಿದಿರಿ. ಮೊಮ್ಮಗಳು ಸಮನ್ವಿತಾ ಒಂದು ದಿನವೂ ಹೊರಗೆ ಕೂರಲಿಲ್ಲ. ಶಾಲು ಮಾತ್ರ ಅವತ್ತಿನಿಂದ ಇವತ್ತಿನವರೆಗೆ ಪ್ರತಿ ಧನುರ್ಮಾಸಕ್ಕೂ ಧಾಬಳಿಯ ಹಾಗೆಯೇ ನಿಮ್ಮ ಹೆಗಲ ಮೇಲೆ ಇದೆ.

ಈಗ ಆ ವಿಷಯ. ಸ್ಪರ್ಧೆ ಶುದ್ಧ ಉಣ್ಣೆಗೆ ಮಾತ್ರ. ಅದಕ್ಕೇನು, ನಮ್ಮದೂ ಉಲ್ಲನ್ನೇ ಅಂತ ನಾನು ಧೈರ್ಯವಾಗಿ ಹೆಸರು ಕೊಟ್ಟಿದ್ದೆ. ನಮ್ಮ ಕಡೆ ಅಂಗಡಿಯವನೂ ಉಲ್ಲನ್ ಅನ್ನುತ್ತಾನೆ, ಕೊಳ್ಳುವವರೂ ಉಲ್ಲನ್ ಅನ್ನುತ್ತೇವೆ. ಒಳಗೆ ಏನಿದೆ ಅಂತ ಯಾರು ಕೇಳಿದ್ದಾರೆ? ತೀರ್ಪು ಕೊಡುವಾಕೆ ಹೆಚ್ಚುಕಡಿಮೆ ನಿಮ್ಮ ವಯಸ್ಸಿನವರು, ನಿಮ್ಮ ಹಾಗೆಯೇ ಮೂಗಿನ ತುದಿಯಲ್ಲಿ ಕನ್ನಡಕ. ಶಾಲನ್ನು ಎರಡು ಬೆರಳಲ್ಲಿ ಉಜ್ಜಿ, ಮುಖ ಎತ್ತಿ ನನ್ನನ್ನು ನೋಡಿದರು. ನನ್ನ ಒಪ್ಪಿಗೆ ಕೇಳಿ, ಹಿಂಬದಿಯಲ್ಲಿ ಸಿಕ್ಕಿಸಿದ್ದ ಎಳೆಯ ತುದಿಯಿಂದ ಚೂರು ಕತ್ತರಿಸಿ ಬೆಂಕಿಕಡ್ಡಿ ಗೀರಿದರು. ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಬೇಕಂತೆ. ನಮ್ಮದು ಪ್ಲಾಸ್ಟಿಕ್ ಚೀಲದ ಹಾಗೆ ಮುದುಡಿ, ಕರಗಿ, ಕಪ್ಪು ಮಣಿಯಾಯಿತು. ಆರಿದ ಮೇಲೆ ಅದನ್ನು ನನ್ನ ಅಂಗೈಯಲ್ಲಿಟ್ಟರು. ಅಕ್ರಿಲಿಕ್ ಅಂತೆ, ಕುರಿಯ ಒಂದು ಕೂದಲೂ ಇದರಲ್ಲಿ ಇಲ್ಲವಂತೆ. ಶಾಲನ್ನು ಮಡಿಸಿ ಸ್ಪರ್ಧೆಯಿಂದ ಆಚೆ ಇಟ್ಟರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಹುಮಾನ ಹೋದದ್ದಕ್ಕಲ್ಲ. ನೀವು ಅದನ್ನು ಹೊದ್ದು ಮಾಡಿದ ಪೂಜೆಗಳೆಲ್ಲ ಕಣ್ಣಮುಂದೆ ಬಂದವು. ನನ್ನ ಮೈಲಿಗೆಯ ದಿನಗಳಲ್ಲಿ ನನ್ನ ಕೈಯಲ್ಲೇ ಹೆಣೆದದ್ದು, ಅದೂ ಉಣ್ಣೆಯಲ್ಲ! ಅಷ್ಟು ಮಡಿ ಮಾಡುವ ನಿಮಗೆ ನನ್ನಿಂದ ಹೀಗಾಯಿತಲ್ಲ.

ಆದರೆ ಆಕೆ ಶಾಲನ್ನು ಬಿಡಲಿಲ್ಲ. ಮತ್ತೆ ಬಿಡಿಸಿದರು, ತಿರುಗಿಸಿದರು, ಅಂಚನ್ನು ಬೆಳಕಿಗೆ ಹಿಡಿದರು. ಇಷ್ಟು ವರ್ಷ ಹೊದ್ದರೂ ಅಂಚು ಗೀರು ಎಳೆದ ಹಾಗೆ ನೇರ ಇದೆ, ಬಿಗಿ ಎಲ್ಲೂ ಹೆಚ್ಚುಕಡಿಮೆಯಿಲ್ಲ. ಯಾವ ಶಾಲೆಯಲ್ಲಿ ಕಲಿತಿರಿ ಅಂತ ಕೇಳಿದರು. ಸುತ್ತ ಹೆಂಗಸರು ಸೇರಿದ್ದರು. ನನಗೆ ಅದೆಲ್ಲಿಂದ ಧೈರ್ಯ ಬಂತೋ, ಜಗಲಿ, ಚಾಪೆ, ಕಿಟಕಿ, ಅಜ್ಜಿಯ ಪ್ರಶ್ನೆ, ನಿಮ್ಮ ಉತ್ತರ, ಎಲ್ಲ ಹೇಳಿಬಿಟ್ಟೆ. ನನ್ನ ಇಂಗ್ಲಿಷ್ ತಡವರಿಸಿದಾಗ ಈಶ್ವರಮ್ಮ ಪಕ್ಕದಲ್ಲಿ "ಹೇಳ್ರಮ್ಮ, ಹೇಳ್ರಿ, ನಾಚ್ಕೊಬೇಡಿ" ಅನ್ನುತ್ತಿದ್ದಳು. ಮುಗಿದ ಮೇಲೆ ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡು ಹೆಣೆದು ತೋರಿಸಿ ಅಂದರು. ಅಲ್ಲೇ ಕೂತು ತೋರಿಸಿದೆ.

ಮರುದಿನ ಬೆಳಿಗ್ಗೆ ನನಗೊಂದು ಮೇಜು ಕೊಟ್ಟಿದ್ದರು. ಮೇಲೆ ಬೋರ್ಡು: ವಾರಿಜಾ ತಿರುಮಲೇಶ್, ಜಯನಗರ, ಬೆಂಗಳೂರು. ಅಂಚು ಸೊಟ್ಟಗಾಗದ ಹಾಗೆ, ಕೈ ನೋಡದೆ ಹೆಣೆಯುವುದನ್ನು ಕುರಿಯ ಊರಿನ ಹೆಂಗಸರಿಗೆ ನಾನು ಹೇಳಿಕೊಟ್ಟೆ ಅತ್ತೆ! ನಿನ್ನದು ಬರೀ ಟೈಂಪಾಸ್ ಅಂತ ಸೋಫಾದಲ್ಲಿ ಕಾಲು ಚಾಚಿ ಹೇಳುವ ನಿಮ್ಮ ಮಗನಿಗೆ ಆ ಬೋರ್ಡಿನ ಫೋಟೋ ತೋರಿಸಿಯೇ ತೀರುತ್ತೇನೆ. ನಿಮ್ಮ ಶಾಲನ್ನು ಬಾಗಿಲ ಹತ್ತಿರ ತೂಗುಹಾಕಿದ್ದರು, "ಸ್ಪರ್ಧೆಗೆ ಅಲ್ಲ" ಅಂತ ಚೀಟಿ ಅಂಟಿಸಿ. ಬಹುಮಾನ ಬಂದ ಶಾಲಿನ ಮುಂದೆ ನಿಂತವರಿಗಿಂತ ಇದರ ಮುಂದೆ ನಿಂತವರೇ ಜಾಸ್ತಿ. ಈಶ್ವರಮ್ಮನೇ ಸಾಕ್ಷಿ.

ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ. ನಿಮಗೆ ಬೇಸರವಾದರೆ ಬೈಯಿರಿ, ಪ್ರಾಯಶ್ಚಿತ್ತ ಅಂದರೆ ಮಾಡೋಣ. ಆದರೆ ನನಗನ್ನಿಸಿದ್ದನ್ನೂ ಹೇಳುತ್ತೇನೆ. ಇಷ್ಟು ಧನುರ್ಮಾಸ ನೀವು ಅದನ್ನು ಹೊದ್ದು ಹುಗ್ಗಿ ನೈವೇದ್ಯ ಮಾಡಿದಿರಿ. ದೇವರು ಒಂದು ದಿನವೂ ಮುಖ ತಿರುಗಿಸಲಿಲ್ಲ. ಇವರ ಕೆಲಸ ಖಾಯಂ ಆಯಿತು, ಸಮನ್ವಿತಾ ಹುಟ್ಟಿದಳು, ನಿಮಗೆ ಎಂಬತ್ತು ದಾಟಿತು. ನಾನು ಆ ಜಗಲಿಯಲ್ಲಿ ಕೂತು ಮಾಡಿದ್ದನ್ನು ದೇವರು ಕೈಯಾರೆ ತೆಗೆದುಕೊಂಡಿದ್ದಾನೆ. ಅದರ ಬಗ್ಗೆ ನಾನಿನ್ನು ನಾಚಿಕೊಳ್ಳುವುದಿಲ್ಲ.

ನಿಮಗೆಂದು ಇಲ್ಲಿಯ ಅಸಲಿ ಉಣ್ಣೆ ಕೊಂಡಿದ್ದೇನೆ, ಅದೇ ಮರೂನ್. ಇನ್ನೂ ಎರಡು ಊರು ಸುತ್ತಿ, ಗೊಂಬೆ ಕೂರಿಸುವ ಹೊತ್ತಿಗೆ ಬರುತ್ತೇವೆ. ಧನುರ್ಮಾಸದ ಒಳಗೆ ಹೊಸ ಶಾಲು ಹೆಣೆದುಕೊಡುತ್ತೇನೆ. ಹಳೆಯದನ್ನು ನನಗೆ ಕೊಟ್ಟುಬಿಡಿ.

ನಿಮ್ಮ ಸೊಸೆ, ಈಗ ಹೊರದೇಶದಲ್ಲಿ ಹೆಣಿಗೆಯ ಮೇಡಂ ಅನ್ನಿಸಿಕೊಂಡವಳು,
ವಾರಿಜಾ

ತಾಜಾ ಕಲಂ: ಕಾಗದ ಮುಗಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ಬಿಚ್ಚಿದೆ. ಉಣ್ಣೆ ಮಾರಿದ ಹುಡುಗಿ ಕಟ್ಟಿಕೊಡುವಾಗ, ಇದಕ್ಕೆ ನುಸಿಗುಳಿಗೆ ಹಾಕಿಡಿ, ಅಸಲಿ ಉಣ್ಣೆಯನ್ನು ಹುಳ ಬಿಡುವುದಿಲ್ಲ, ಅಕ್ರಿಲಿಕ್ ಆದರೆ ಮೂಸಿಯೂ ನೋಡುವುದಿಲ್ಲ ಅಂದಿದ್ದಳು. ಆಗ ಹೊಳೆಯಲಿಲ್ಲ, ಈಗ ಹೊಳೆಯಿತು. ಪ್ರತಿ ವರ್ಷ ಬೀರು ಜೋಡಿಸುವಾಗ ನೀವು ಧಾಬಳಿಯ ಮಡಿಕೆಯಲ್ಲಿ ನುಸಿಗುಳಿಗೆ ಇಡುತ್ತಿದ್ದಿರಿ. ಶಾಲಿಗೂ ಇಡಲೇ ಅಂತ ನಾನು ಕೇಳಿದಾಗಲೆಲ್ಲ "ಅದಕ್ಕೆ ಬೇಡಮ್ಮ" ಅನ್ನುತ್ತಿದ್ದಿರಿ. ಅಂಗಡಿಯಿಂದ ತಂದವರೂ ನೀವೇ. ಅತ್ತೆ, ಅದು ಉಣ್ಣೆಯಲ್ಲ ಅಂತ ನಿಮಗೆ ಮೊದಲ ದಿನದಿಂದಲೂ ಗೊತ್ತಿತ್ತು, ಅಲ್ಲವೇ? ಉತ್ತರ ಬರೆಯಬೇಡಿ. ಈ ಧನುರ್ಮಾಸಕ್ಕೆ ಎರಡೂ ಶಾಲುಗಳನ್ನು ನಿಮ್ಮ ಮುಂದಿಡುತ್ತೇನೆ. ನೀವು ಹಳೆಯದಕ್ಕೆ ಕೈ ಚಾಚಿದರೆ ನನಗೆ ಅಷ್ಟೇ ಸಾಕು.