ಕೆಂಪಿಯ ಬ್ಯಾಟರಿಗೆ ಸ್ವಿಚ್ಚು

ಮನೆಯಿಂದ
ಜೂನ್ ಹನ್ನೊಂದು, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ನಮಸ್ಕಾರ. ಹೇಗಿದ್ದೀರಿ? ನೀವು ಕೆಲಸಕ್ಕಿರುವ ಬಂದರಿನ ಗಾಳಿಗೆ ಕೆಮ್ಮು ಮತ್ತೆ ಶುರುವಾಗಿದೆ ಅಂದಿದ್ದಿರಿ. ಮಲಗುವ ಮುಂಚೆ ಬಿಸಿನೀರು ಕುಡಿಯಿರಿ, ಫ್ಯಾನಿನ ಕೆಳಗೆ ಮಲಗಬೇಡಿ. ನನ್ನ ಆರೋಗ್ಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಜ್ವರ ಬಿಟ್ಟಿದೆ, ನಾಲಿಗೆಗೆ ಇನ್ನೂ ರುಚಿ ಬಂದಿಲ್ಲ. ನಿಮಗೆ ಬೇಕಾದದ್ದು ಕೆಂಪಿಯ ಸಮಾಚಾರ ತಾನೇ? ಅವಳು ಚೆನ್ನಾಗಿದ್ದಾಳೆ. ಆ ಎರಡು ಬಾಗಿಲಿನ ಹಳೇ ಸ್ಪೋರ್ಟ್ಸ್ ಕಾರನ್ನು ‘ಅವಳು’ ಎನ್ನುವ ಚಾಳಿ ನಿಮ್ಮಿಂದ ನನಗೂ ಅಂಟಿದೆ.

ಎರಡು ಭಾನುವಾರ ಅವಳ ಸದ್ದು ಕೇಳಿಸಲಿಲ್ಲವೆಂದು ಫೋನಿನಲ್ಲಿ ಹಾರಾಡಿದಿರಲ್ಲ, ಆಗ ನಾನು ಹಾಸಿಗೆಯಿಂದ ಏಳುವ ಸ್ಥಿತಿಯಲ್ಲಿರಲಿಲ್ಲ. ಮದುವೆಯಾದಾಗಿನಿಂದ ನನ್ನ ಭಾನುವಾರಗಳೆಲ್ಲ ಕಾರಿನ ಶೆಡ್ಡಿನಲ್ಲೇ ಕಳೆದವು. ಬ್ಯಾಟರಿ ಸಾಯಬಾರದೆಂದು ಅವಳನ್ನು ಸ್ಟಾರ್ಟ್ ಮಾಡಬೇಕು, ಬಿಸಿಯಾಗುವ ತನಕ ಪಕ್ಕದಲ್ಲೇ ನಿಂತಿರಬೇಕು, ಆಮೇಲೆ ಬಗ್ಗಿ ಸೈಲೆನ್ಸರಿಗೆ ಫೋನು ಹಿಡಿಯಬೇಕು. ಹೊಗೆಗೆ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ ನೀವು ಅಲ್ಲಿಂದ ಸಂತೋಷವಾಗಿ ಕೇಳಿ, ಫೋನು ಇಟ್ಟುಬಿಡುತ್ತಿದ್ದಿರಿ. ಗೇಟಿನ ತನಕ ಓಡಿಸುವುದಕ್ಕೂ ನನಗೆ ಅಪ್ಪಣೆ ಇರಲಿಲ್ಲ.

ಜ್ವರ ಇಳಿದ ಮೇಲೆ ಹೋಗಿ ಕೀಲಿ ತಿರುಗಿಸಿದೆ. ‘ಟಿಕ್’ ಅಂದಿತು, ಅಷ್ಟೇ. ನಿಮಗೆ ಹೆದರಿ ಮೂಲೆಯ ಗ್ಯಾರೇಜಿನವರನ್ನು ಕರೆತಂದೆ. ಹಳೇ ವೈರಿನಲ್ಲಿ ಕರೆಂಟು ಸೋರುತ್ತದೆ, ಸಾಲದ್ದಕ್ಕೆ ಒಳಗಿನ ಗಡಿಯಾರವೂ ಕುಡಿಯುತ್ತದೆ, ಬ್ಯಾಟರಿಯ ಸಂಪರ್ಕವನ್ನೇ ಕಡಿದುಹಾಕುವ ಸ್ವಿಚ್ಚು ಕೂರಿಸಿದರೆ ಚಿಂತೆಯಿಲ್ಲ ಎಂದರು. ಕೆಂಪಿಯ ಮೈಗೆ ತೂತು ಕೊರೆಯಲು ಯಜಮಾನರು ಒಪ್ಪುವುದಿಲ್ಲ ಎಂದೆ. ತೂತೇ ಬೇಡವಂತೆ. ಸೀಟಿನ ಹಿಂದಿನ ಮುಚ್ಚಳ ಎತ್ತಿ, ಮೊದಲು ಮೈನಸ್ ಕಡೆಯ ವೈರು ಬಿಚ್ಚಿದರು. ಬಿಳಿ ಪುಡಿ ಕಟ್ಟಿದ್ದ ಜಾಗವನ್ನು ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು ಒರೆಸಿದರು. ಅಲ್ಲಿ ಒಂದು ಹಿತ್ತಾಳೆಯ ತುಂಡು ಬಿಗಿದು, ಅದಕ್ಕೆ ವೈರು ಸೇರಿಸಿದರು. ಮೇಲೊಂದು ಹಸಿರು ತಿರುಪು. ಅದನ್ನು ನನಗೇ ತಿರುಗಿಸಲು ಹೇಳಿದರು. ಸಡಿಲ ಮಾಡಿದೆ, ಗಡಿಯಾರ ನಿಂತಿತು, ಹಾರ್ನ್ ಒತ್ತಿದರೂ ಸದ್ದಿಲ್ಲ. ಬ್ಯಾಟರಿಗೆ ಚಾರ್ಜ್ ತುಂಬಿಸಿ ಆರಿಸಿಟ್ಟರೆ ತಿಂಗಳುಗಟ್ಟಲೆ ತಿರುಗಿ ನೋಡಬೇಕಾಗಿಲ್ಲವಂತೆ. ನಾನಿಟ್ಟ ಚಹಾ ಕುದಿಯುವಷ್ಟರಲ್ಲಿ ಕೆಲಸ ಮುಗಿದಿತ್ತು.

ಇಷ್ಟು ಸುಲಭದ್ದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಲೋಟ ಹಿಡಿದುಕೊಂಡು ನಕ್ಕರು. “ನಿಮ್ಮ ಮದುವೆಯಾದ ವರ್ಷವೇ ಹೇಳಿದ್ದೆ ಅಮ್ಮ. ಸಾಹೇಬ್ರೇ ಬೇಡ ಅಂದ್ರು. ಬ್ಯಾಟರಿ ನೆಪದಲ್ಲಾದ್ರೂ ಹೆಂಡ್ತಿ ಮನೇಲಿ ಬಿದ್ದಿರ್ತಾಳೆ, ಇಲ್ಲಾಂದ್ರೆ ವಾರವಾರ ಅಕ್ಕನ ಮನೆ ಅಂತ ಹೊರಡ್ತಾಳೆ ಅಂದ್ರು.” ಅವರ ಪಾಲಿಗೆ ಅದು ತಮಾಷೆ. ನಾನೂ ನಕ್ಕಹಾಗೆ ಮಾಡಿ ಇನ್ನಷ್ಟು ಚಹಾ ಬಗ್ಗಿಸಿದೆ.

ಹೋದ ವರ್ಷ ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಒಂದು ಶುಕ್ರವಾರ ಫೋನು ಬಂದಾಗ ನೀವು ಹೇಳಿದ ಮಾತು ನೆನಪಿದೆಯೇ? “ಭಾನುವಾರ ಸ್ಟಾರ್ಟ್ ಮಾಡಿಟ್ಟು ಸೋಮವಾರ ಹೋಗು, ಆಸ್ಪತ್ರೆ ಏನು ಓಡಿಹೋಗಲ್ಲ.” ಸೋಮವಾರ ಹೋದೆ. ಅವಳ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ಹಿಂದಿನ ಸಂಜೆಯ ತನಕ ಬಾಗಿಲ ಕಡೆಗೇ ನೋಡುತ್ತಿದ್ದಳಂತೆ. ಪಾಪ, ಇವರಾದರೂ ಏನು ಮಾಡುತ್ತಾರೆ, ಯಂತ್ರದ ಗುಣವೇ ಹಾಗೆ ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈಗ ಹಾಗೆ ಹೇಳಿಕೊಳ್ಳಲಾರೆ. ಸಿಟ್ಟಾದರೆ ನಾಲ್ಕು ದಿನಕ್ಕೆ ಇಳಿಯುತ್ತಿತ್ತು. ನನಗೆ ನಿಮ್ಮ ಮೇಲೆ ಹೇಸಿಗೆಯಾಗಿದೆ.

ಕೆಮ್ಮಿನ ಔಷಧಿ ತಪ್ಪಿಸಬೇಡಿ. ನಿಮ್ಮ ಕೋಣೆಯಲ್ಲಿ ಜೊತೆಗಿರುವ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಮನೆ ಕಾದವಳು

ಮರೆತಿದ್ದೆ: ಬಾಡಿಗೆ ಕಾರಿನವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಅಕ್ಕನ ಮಗಳಿಗೆ ದಿನ ತುಂಬಿದೆ, ತಾಯಿಯಿಲ್ಲದ ಹುಡುಗಿ. ಬಾಣಂತನಕ್ಕೆ ಹೊರಟಿದ್ದೇನೆ, ಅದು ಮುಗಿದ ಮೇಲೂ ಅಲ್ಲೇ ಇರುತ್ತೇನೆ, ಅವಳೇ ಇರು ಅಂದಿದ್ದಾಳೆ. ಸ್ವಿಚ್ಚು ಆರಿಸಿದ್ದೇನೆ, ಮನೆ ಬೀಗದ ಕೈ ಮೂಲೆಯ ಗ್ಯಾರೇಜಿನವರಿಗೆ ಕೊಟ್ಟು ಹೋಗುತ್ತೇನೆ. ಕೆಂಪಿಯ ಸದ್ದು ಕೇಳಬೇಕೆನಿಸಿದರೆ ನೀವೇ ಬಂದು ಸ್ಟಾರ್ಟ್ ಮಾಡಿಕೊಳ್ಳಿ. ನಾನಿನ್ನು ಈ ಮನೆಗೆ ಬರುವುದಿಲ್ಲ.