ಶಹಾಪುರದಲ್ಲಿ ಹುಟ್ಟಿದ ಇಂಜಿನ್

ಶಹಾಪುರ
೧೮ ಫೆಬ್ರವರಿ ೨೦೨೫, ಮಂಗಳವಾರ

ಚಿರಂಜೀವಿ ಮಲ್ಲೇಶ್ವರಿಗೆ ನಿನ್ನ ಅಪ್ಪ ಮರಿಲಿಂಗಪ್ಪ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿ ಸಾಂಪ್ರತ ಎಂದು ಬರೆಯುವುದನ್ನು ನಮಗೆ ಶಾಲೆಯಲ್ಲಿ ಹೊಡೆದು ಕಲಿಸಿದ್ದರು. ಕುಶಲವೇನೋ ಇದೆ. ಮೈಯಲ್ಲಿ ಜ್ವರವಿಲ್ಲ, ಮನೆಯಲ್ಲಿ ಜೋಳವಿದೆ. ಆದರೆ ನೆತ್ತಿಗೇರಿದ ಸಿಟ್ಟು ಎಂಟು ದಿನವಾದರೂ ಇಳಿದಿಲ್ಲ. ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು, ನಾನು ಉತ್ತರ ಬರೆಯಲಿಲ್ಲ, ತಪ್ಪು ನನ್ನದೇ. ಫೋನು ಹಚ್ಚಿದರೆ ನಾನು ಒದರುತ್ತೇನೆ, ನೀನು ಕಟ್ ಮಾಡುತ್ತೀ. ಕಾಗದವಾದರೆ ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ ಎಂದು ಪೆನ್ನು ಹಿಡಿದಿದ್ದೇನೆ.

ನಿನ್ನ ಕಾಗದದಲ್ಲಿ ಇದ್ದದ್ದು ಎರಡೇ ಸಾಲು. ಕಲಬುರಗಿಯಲ್ಲಿ ಚಿಗವ್ವನ ಮನೆಯಲ್ಲಿ ಅರಾಮ ಇದ್ದೀ ಎಂಬುದು ಒಂದು. ನಿನ್ನ ಪಾನಾ, ಇಕ್ಕಳದ ಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟುಬಿಡು ಎಂಬುದು ಇನ್ನೊಂದು. ಕೊಡುವುದಿಲ್ಲ. ಕೇಳಲು ಬಂದ ಇಬ್ಬರನ್ನು ಬೈದು ಓಡಿಸಿದ್ದೇನೆ. ನೀನು ಅಲ್ಲಿ ಕೆಲಸಕ್ಕೆ ಸೇರಿದ ಗಾಡಿ ಶೋರೂಮನ್ನು ನಿನ್ನ ಚಿಗವ್ವ ಗಂಗಾ ಫೋನು ಮಾಡಿ, "ಮಾವಾ, ಶೋರೂಮಿನ್ಯಾಗ ಎಸಿ ಅದ, ಕೈ ಮಸಿ ಆಗಂಗಿಲ್ಲ, ಕುರ್ಚಿ ಮ್ಯಾಲ ಕುಂತು ಬರಕೊಳ್ಳೂದಷ್ಟ" ಎಂದು ಹೊಗಳುತ್ತಾಳೆ. ಹೊಗಳಲಿ. ಕೂದಲೆಳೆಯಷ್ಟು ಸವೆತವನ್ನು ಬೆರಳ ತುದಿಯಲ್ಲಿ ಹಿಡಿಯುವ ಕೈಗೆ ಬಾಲ್ ಪೆನ್ನು ಕೊಟ್ಟು, ಮಂದಿಯ ಗಾಡಿಯ ದೂರು ಬರೆಸಿಕೊಳ್ಳುತ್ತಾರಲ್ಲ, ಅವರ ಮೇಲೂ ನನಗೆ ಸಿಟ್ಟಿದೆ. ಆದರೆ ಇವತ್ತಿನ ಸಿಟ್ಟು ಅವರ ಮೇಲಲ್ಲ.

ನಾವು ಕಟ್ಟಿದ ಕಾರು ರೇಸಿನ ಟ್ರ್ಯಾಕಿಗೆ ಹೋಗಿ ಬಂತು. ನೀನಿರಲಿಲ್ಲ, ಅದಕ್ಕೇ ಎಲ್ಲವನ್ನೂ ಬರೆಯುತ್ತೇನೆ. ನಿನಗೆ ಗೊತ್ತಿದ್ದದ್ದೂ ನಡುವೆ ಬರುತ್ತದೆ, ಸಹಿಸಿಕೋ. ಸಿಟ್ಟು ಬಂದವನಿಗೆ ಮೊದಲಿಂದ ಹೇಳದಿದ್ದರೆ ಸಮಾಧಾನವಿಲ್ಲ.

ಜಿನ್ನಿಂಗ್ ಮಿಲ್ಲಿನ ಬಸವಂತರಾಯರು ಆ ಕೆಂಪು ಕಾರನ್ನು ಹೈದರಾಬಾದಿನ ಹರಾಜಿನಲ್ಲಿ ಹಿಡಿದು ಲಾರಿ ಮೇಲೆ ಹೇರಿಕೊಂಡು ಬಂದ ದಿನ ನೆನಪಿದೆಯಾ? ಮಳೆನೀರಿನಲ್ಲಿ ಮುಳುಗಿದ್ದ ಜರ್ಮನಿಯ ಕಾರು. ಸೀಟಿನ ಕೆಳಗೆ ಒಣಗಿದ ಮೀನಿನ ಮರಿ ಸಿಕ್ಕಿತ್ತು. ಡಿಕ್ಕಿ ಇರಬೇಕಾದಲ್ಲಿ ಇಂಜಿನ್, ಬಾನೆಟ್ ಎತ್ತಿದರೆ ಖಾಲಿ ಡಬ್ಬಿ. ಇದೇನು ತಲೆಕೆಳಗಾದ ಗಾಡಿ ಎಂದು ಓಣಿಯ ಮಂದಿಯೆಲ್ಲ ನಕ್ಕರು. ಇಂಜಿನ್ ಬಿಚ್ಚಿದರೆ ನೀರು ಕುಡಿದು ಮೂರು ಕನೆಕ್ಟಿಂಗ್ ರಾಡು ಬಾಗಿ ಕೂತಿದ್ದವು. ಹೈದರಾಬಾದಿನ ಇಬ್ಬರು ಮಿಸ್ತ್ರಿಗಳು ಇದನ್ನು ಗುಜರಿಗೆ ಹಾಕಿ ಎಂದಿದ್ದರಂತೆ. ನಾನೂ ಅದನ್ನೇ ಹೇಳುವವನಿದ್ದೆ. ನೀನು ಮಾತ್ರ ಬ್ಯಾಟರಿ ದೀಪ ಹಾಕಿ ಒಳಗೆ ಇಣುಕಿ, "ಅಪ್ಪಾ, ಸಿಲಿಂಡರಿನ ಗ್ವಾಡಿ ಛೊಲೊ ಅದಾವ. ಹಿಡೀರಿ ಕೆಲಸ" ಎಂದೆ.

ಅದನ್ನು ರೇಸಿನ ಕಾರು ಮಾಡಲು ಹನ್ನೊಂದು ತಿಂಗಳು. ಎಸಿ, ಜಮಖಾನೆ, ಹಿಂದಿನ ಸೀಟು, ಹಾಡಿನ ಡಬ್ಬಿ ಎಲ್ಲ ಕಿತ್ತೆವು. ಹತ್ತಿಯ ಗಾಡಿ ತೂಗುವ ಮಿಲ್ಲಿನ ತೂಕದ ಕಟ್ಟೆಯ ಮೇಲೆ ನಿಲ್ಲಿಸಿದರೆ ಇನ್ನೂರು ಕಿಲೋಕ್ಕೂ ಹೆಚ್ಚು ಇಳಿದಿತ್ತು. ಆವತ್ತು ನೀನು ಕುಣಿದದ್ದನ್ನು ಹಮಾಲರೂ ನೋಡಿದ್ದಾರೆ. ಹಳೆಯ ರಾಡುಗಳ ಜಾಗಕ್ಕೆ ರೇಸಿಗೆ ಮಾಡಿದ ಗಟ್ಟಿ ರಾಡು, ಹೊಸ ಬೇರಿಂಗು, ಬಿರುಸು ಸ್ಪ್ರಿಂಗು, ಬ್ರೇಕು ಕಾಯದಂತೆ ಗಾಳಿಯ ಕೊಳವೆ. ಕಾರು ಪಲ್ಟಿ ಹೊಡೆದರೆ ಒಳಗಿದ್ದವನ ತಲೆ ಉಳಿಯಲಿ ಎಂದು ಪೈಪಿನ ಪಂಜರ ಕಟ್ಟಿಸಲು ಸುರಪುರದ ತಿರುಪತಿಯ ವೆಲ್ಡಿಂಗ್ ಅಂಗಡಿಗೆ ಹೋದೆವಲ್ಲ, ಅಲ್ಲಿ ಅವನು ಅರ್ಧ ಮಾಡಿಟ್ಟಿದ್ದ ನೀರಿನ ಟ್ಯಾಂಕರಿನೊಳಗೆ ನೀನು ತಲೆ ಹಾಕಿದ್ದೆ.

"ತಿರುಪತಿ ಕಾಕಾ, ಒಳಗ ಈ ತಗಡಿನ ಗ್ವಾಡಿ ಯಾಕ?"

"ತಿರುವಿನ್ಯಾಗ ನೀರೆಲ್ಲ ಒಂದ ಮಗ್ಗಲಕ್ಕ ಬಡದು ಟ್ರ್ಯಾಕ್ಟರ್ ಮಗುಚ್ತದವ್ವಾ. ಗ್ವಾಡಿ ಇದ್ರ ನೀರು ತನ್ನ ಜಾಗಾದಾಗ ಇರ್ತದ."

ನೀನು ನನ್ನ ಕಡೆ ತಿರುಗಿ, "ಅಪ್ಪಾ, ಎಣ್ಣಿಗೂ ಹಿಂಗ ಗ್ವಾಡಿ ಹಾಕಿದ್ರ?" ಎಂದೆ. ನನಗೆ ಒಂದು ಗಳಿಗೆ ತಿಳಿಯಲೇ ಇಲ್ಲ. ಜೋರಿನ ತಿರುವಿನಲ್ಲಿ ಇಂಜಿನ್ನಿನ ತಳದ ಚೇಂಬರಿನ ಆಯಿಲ್ಲೆಲ್ಲ ಒಂದು ಕಡೆ ಏರಿ, ಪಂಪು ಬರೀ ಗಾಳಿ ಎಳೆದು, ಬೇರಿಂಗು ಸುಟ್ಟುಹೋಗುತ್ತದೆ ಎಂದು ನೀನು ಬಿಡಿಸಿ ಹೇಳಿದ ಮೇಲೆ ತಿಳಿಯಿತು. ಟ್ರ್ಯಾಕ್ಟರಿಗೆ ಮಾಡುವಂತೆ ಒಂದು ಲೀಟರ್ ಆಯಿಲ್ ಜಾಸ್ತಿ ಸುರಿದರಾಯಿತು ಎಂದು ನಾನು ಹಟ ಹಿಡಿದೆ. ಹಾಗೆ ಮಾಡಿದರೆ ನೊರೆ ಏಳುತ್ತದೆ ಎಂದು ನೀನು ಎರಡು ದಿನ ಮಾತು ಬಿಟ್ಟೆ. ಕೊನೆಗೆ ಗೋಡೆಯನ್ನೇ ಹಾಕಿದೆವು. ಒಂದೇ ಕಡೆ ತೆರೆಯುವ ಪುಟ್ಟ ಬಾಗಿಲುಗಳನ್ನೂ ಅದಕ್ಕೆ ಕೂಡಿಸಿದೆ ನೀನು.

ಈಗ ಟ್ರ್ಯಾಕಿನ ಸುದ್ದಿ. ಚೆನ್ನೈ ಕಡೆಯ ಟ್ರ್ಯಾಕು, ಹವ್ಯಾಸಿಗಳ ಓಟ. ಕಾರನ್ನು ಬಸವಂತರಾಯರೇ ಓಡಿಸಿದರು. ಅಲ್ಲೊಂದು ಉದ್ದನೆಯ ಬಲತಿರುವು ಇದೆ, ಮುಗಿಯುವುದೇ ಇಲ್ಲ. ಬೇರೆಯವರ ಎರಡು ಕಾರು ಅಲ್ಲೇ ಹೊಗೆ ಬಿಟ್ಟು ನಿಂತವು. ನಮ್ಮದರ ಆಯಿಲ್ ಒತ್ತಡದ ಮುಳ್ಳು ಹದಿನಾಲ್ಕು ಸುತ್ತಿನಲ್ಲಿ ಒಮ್ಮೆಯೂ ನಡುಗಲಿಲ್ಲವಂತೆ. ಇದನ್ನು ನಿನಗೆ ಹೇಳಬೇಕೆಂದೇ ಸುತ್ತು ಎಣಿಸುತ್ತಾ ಬಿಸಿಲಲ್ಲಿ ನಿಂತಿದ್ದೆ. ಎರಡನೇ ಸ್ಥಾನ ಬಂತು. ಮೊದಲು ಬಂದವನ ಕಾರು ನಮ್ಮದಕ್ಕಿಂತ ಹತ್ತು ವರ್ಷ ಹೊಸದು.

ಖುಷಿ ಅಲ್ಲಿಗೇ ಮುಗಿಯಿತು. ಕಾರು ಪಕ್ಕಕ್ಕೆ ಬಂದು ನಿಂತಾಗ ನೋಡುತ್ತೇನೆ, ಹಿಂದಿನ ಮುಚ್ಚಳದ ಮೇಲೆ ಮೊಳದುದ್ದದ ಸ್ಟಿಕ್ಕರು. ಇಂಜಿನ್ ಕಟ್ಟಿದವರು ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಪುಣೆಯ ಒಂದು ಕಂಪನಿಯ ಹೆಸರು. ಮೈಕಿನಲ್ಲಿ ಕೂಗುವವನೂ ಅದನ್ನೇ ಮೂರು ಸಲ ಕೂಗಿದ. ಆ ಪುಣೆಯವರು ಮಾಡಿದ್ದೇನು ಗೊತ್ತಾ? ಹಿಂದಿನ ದಿನ ಬಂದು, ಲ್ಯಾಪ್‌ಟಾಪಿಗೆ ವೈರು ಹಚ್ಚಿ, ಎರಡು ತಾಸು ಗುಂಡಿ ಒತ್ತಿ, ಕೋಲ್ಡ್ರಿಂಕ್ಸ್ ಕುಡಿದು ಎದ್ದರು. ಒಬ್ಬನ ಉಗುರಿಗೂ ಎಣ್ಣೆ ಹತ್ತಿರಲಿಲ್ಲ. ಉಳುವಾಗ ಊರ ಮೇಲೆ ಹೋದವರು ಕೊಯ್ಯುವಾಗ ಕುಡುಗೋಲು ಹಿಡಿದು ಬಂದರು. ನಾಚಿಕೆಗೆಟ್ಟವರು!

ನನ್ನ ಸ್ವಭಾವ ನಿನಗೆ ಗೊತ್ತು. ಜೇಬಿನಿಂದ ಬ್ಲೇಡು ತೆಗೆದೆ, ಎಲ್ಲರ ಮುಂದೆ ಕೂತು ಸ್ಟಿಕ್ಕರು ಕೆರೆಯತೊಡಗಿದೆ. ಬಸವಂತರಾಯರು ಹೆಲ್ಮೆಟ್ಟು ಕೈಯಲ್ಲಿ ಹಿಡಿದೇ ಓಡಿಬಂದರು.

"ಮಿಸ್ತ್ರಿ, ಏನ್ ಮಾಡಾಕತ್ತೀರಿ? ಮಂದಿ ನೋಡಾಕತ್ತಾರ!"

"ನೋಡ್ಲಿ ಬಿಡ್ರಿ. ಅದಕ್ಕ ಕೆರಿಯಾಕತ್ತೇನಿ."

"ಸಿಟ್ಟಿಗಿ ಏಳಬ್ಯಾಡ್ರಿ. ಇಲ್ಲಿ ಹೆಸರಿಗಿ ಬೆಲಿ. ಶಹಾಪುರ ಅಂದ್ರ ಇವರಿಗಿ ಎಲ್ಲಿ ಗೊತ್ತದ? ನಗ್ತಾರ."

"ನಗಂಗಿದ್ರ ಓಡೂಕಿಂತ ಮೊದಲ ನಗಬೇಕಿತ್ತು, ಸಾವ್ಕಾರ್ರ. ಈ ಇಂಜಿನ್ ಶಹಾಪುರದಾಗ ಹುಟ್ಯಾದ. ಪುಣೆದವ್ರು ಬರೇ ತೊಟ್ಟಲ ತೂಗ್ಯಾರ. ಇದು ನನ್ನ ಕೈಕೆಲಸ. ನನ್ನ ಹೆಸರು ಹಾಕಂಗಿಲ್ಲಂದ್ರ ಯಾರ ಹೆಸರೂ ಬ್ಯಾಡ."

ಅವರು ತಿರುಗಿ ಹೋದರು. ಸ್ಟಿಕ್ಕರು ಪೂರ್ತಿ ಹೋಗಲಿಲ್ಲ, ಅಂಟು ಉಳಿಯಿತು. ಬರುವಾಗ ಅವರ ಗಾಡಿ ಹತ್ತಲಿಲ್ಲ, ರೈಲು ಹಿಡಿದು ಯಾದಗಿರಿಗೆ ಬಂದೆ. ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಕಾಯುವಾಗಲೂ ಒಬ್ಬನೇ ಬೈಯುತ್ತಿದ್ದೆನಂತೆ. ಪಕ್ಕದಲ್ಲಿ ಕೂತಿದ್ದ ಮುದನಾಳದ ಹೆಣ್ಣುಮಗಳು ಎದ್ದು ದೂರ ಹೋದಳು. ಮನೆಗೆ ಬಂದು ಎಲ್ಲ ಹೇಳಿದರೆ ನಿಮ್ಮವ್ವ ಪಾರ್ವತೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು. "ಹೆಸರು ಬಿಟ್ಟಿದ್ದಕ್ಕ ಭಾಳ ನೋವಾತೇನು?" ಎಂದಳು, ಅಷ್ಟೆ. ಸಮಾಧಾನದ ಒಂದು ಮಾತು ಆಡಲಿಲ್ಲ. ಗಂಡ ಇಷ್ಟು ಅವಮಾನವಾಗಿ ಬಂದರೆ ಹೆಂಡತಿ ಹೀಗಾ ಮಾತಾಡುವುದು? ಅವಳ ಮೇಲೂ ಸಿಟ್ಟು ಬಂತು.

ನಿನ್ನೆ ಬಸವಂತರಾಯರು ತಾವೇ ಗ್ಯಾರೇಜಿಗೆ ಬಂದಿದ್ದರು. "ತಪ್ಪಾತ್ರಿ ಮಿಸ್ತ್ರಿ. ಮುಂದಿನ ಓಟಕ್ಕ ನಿಮ್ಮ ಹೆಸರು ದಪ್ಪ ಅಕ್ಷರದಾಗ ಹಾಕಸ್ತೀನಿ" ಎಂದರು. ಬರುವ ಸೋಮವಾರ ಕಾರು ಬರುತ್ತದೆ. ಓಟ ಮುಗಿದ ಮೇಲೆ ಇಂಜಿನ್ ಬಿಚ್ಚಿ ಬೇರಿಂಗು ಎಷ್ಟು ಸವೆದಿವೆ ಎಂದು ಅಳೆದು ನೋಡಬೇಕೆಂದು ನೀನೇ ಹೇಳಿದ್ದೆಯಲ್ಲ. ಅಳೆಯುವ ಸಾಮಾನು ಇಲ್ಲಿದೆ, ಅಳೆಯುವ ಕಣ್ಣು ಕಲಬುರಗಿಯಲ್ಲಿದೆ. ನನ್ನ ಕಣ್ಣಿಗೆ ಅಳತೆಯ ಆ ಸಣ್ಣ ಗೆರೆಗಳು ಈಗ ಒಂದರ ಮೇಲೊಂದು ಕಾಣುತ್ತವೆ. ಇದನ್ನು ಯಾರಿಗೂ ಹೇಳಿಲ್ಲ, ನೀನೂ ಹೇಳಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ಚಿಗವ್ವನಿಗೆ ಎದುರುತ್ತರ ಕೊಡಬೇಡ, ಅದು ನನ್ನಿಂದ ಬಂದ ಗುಣ, ನನ್ನಲ್ಲೇ ಇರಲಿ. ತಿಂಥಣಿಯ ಮೌನೇಶ್ವರ ನಿನ್ನ ಕೈ ಕಾಲು ಗಟ್ಟಿಯಾಗಿಟ್ಟು, ನಿನ್ನನ್ನು ಯಾರೆದುರೂ ತಲೆ ತಗ್ಗಿಸದಂತೆ ನೂರು ವರ್ಷ ಬಾಳಿಸಲಿ.

ಇಂತಿ ನಿನ್ನ ಅಪ್ಪ,
ಮರಿಲಿಂಗಪ್ಪ

ತಾ.ಕ.: ಕಾಗದವನ್ನು ಲಕೋಟೆಗೆ ಹಾಕಿದ್ದೆ. ನಿಮ್ಮವ್ವ ತೆಗೆಸಿ ಓದಿಸಿಕೊಂಡಳು. "ಇಷ್ಟೆಲ್ಲ ಬರದೀರಿ, ಇಂಜಿನ್ ಚಾಲೂ ಮಾಡಿದ ದಿನದ್ದು ಎಲ್ಲಿ ಅದ?" ಎಂದಳು.

ಬರೆಯುತ್ತೇನೆ. ಇಂಜಿನ್ ಯಾರು ಕೂಡಿಸಿ ಮುಚ್ಚುತ್ತಾರೋ ಅವರ ಕೈಯೇ ಮೊದಲ ಚಾವಿ ತಿರುವಬೇಕು. ನನ್ನ ಉಸ್ತಾದ್ ಖಾಜಾಹುಸೇನರ ಕಾಲದಿಂದ ನಡೆದುಬಂದ ಪದ್ಧತಿ. ನನಗೆ ಹತ್ತೊಂಬತ್ತು ವರ್ಷವಿದ್ದಾಗ ಅವರು ಚಾವಿ ನನ್ನ ಕೈಗೆ ಕೊಟ್ಟು, ತಾವು ಹೊರಗೆ ಹೋಗಿ ನಿಂತಿದ್ದರು. ಆ ಕೆಂಪು ಕಾರಿನ ಇಂಜಿನ್ನನ್ನು ಮೊದಲ ಬೋಲ್ಟಿನಿಂದ ಕೊನೆಯ ಬೋಲ್ಟಿನವರೆಗೆ ಮುಚ್ಚಿದವಳು ನೀನು. ನಾನು ಬ್ಯಾಟರಿ ದೀಪ ಹಿಡಿದು ನಿಂತಿದ್ದೆ. ಆವತ್ತು ಬಸವಂತರಾಯರ ಸಂಗಡ ದೊಡ್ಡ ಮಂದಿ ಬಂದಿದ್ದರು. ನೀನು ಕೈ ತೊಳೆದು, ಒರೆಸಿಕೊಂಡು, ಕಾರಿನ ಬಾಗಿಲ ತನಕ ಬಂದಿದ್ದೆ. "ಮಲ್ಲೀ, ಒಳಗ ಹೋಗಿ ಆರತಿ ತಟ್ಟಿ ತಗೊಂಡ ಬಾ" ಎಂದೆ ನಾನು. ನನಗೆ ಹಾಗೆ ಹೇಳು ಎಂದು ಯಾರೂ ಹೇಳಿರಲಿಲ್ಲ. ನೀನು ತಟ್ಟೆ ಹಿಡಿದು ಬರುವಷ್ಟರಲ್ಲಿ ನಾನೇ ಚಾವಿ ತಿರುವಿಬಿಟ್ಟಿದ್ದೆ. ಮೂರನೇ ದಿನ ನೀನು ಕಲಬುರಗಿಯ ಬಸ್ಸು ಹತ್ತಿದೆ. ಯಾಕೆ ಹೋದಳೋ ಎಂದು ಕೇಳಿದವರಿಗೆಲ್ಲ, ಈಗಿನ ಹುಡುಗಿಯರಿಗೆ ಎಸಿ ಬೇಕು ಎಂದು ಹೇಳಿಕೊಂಡು ತಿರುಗಿದೆ.

ತಪ್ಪಾಯಿತು, ಮಗಳೆ. ಸೋಮವಾರ ಬಾ. ನೀನು ಬರದಿದ್ದರೆ ಆ ಇಂಜಿನ್ನಿಗೆ ನಾನು ಕೈ ಹಚ್ಚುವುದಿಲ್ಲ, ಬಸವಂತರಾಯರಿಗೂ ಹಾಗೆಯೇ ಹೇಳಿಬಿಡುತ್ತೇನೆ.

ಅವರು ನಿನ್ನೆ ಬರುವಾಗ ಆ ದಿನದ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದಿದ್ದರು. ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ನಾನು ಸ್ಟೇರಿಂಗ್ ಹಿಡಿದು ಹಲ್ಲು ಕಿರಿದಿದ್ದೇನೆ. ಬಸವಂತರಾಯರಿದ್ದಾರೆ, ಅವರ ಬೀಗರಿದ್ದಾರೆ, ನಿಮ್ಮವ್ವ ಇದ್ದಾಳೆ, ತಿರುಪತಿ ಇದ್ದಾನೆ, ಓಣಿಯ ಮಂದಿಯೆಲ್ಲ ಇದ್ದಾರೆ. ಕನ್ನಡಕ ಹಾಕಿಕೊಂಡು ಒಂದೊಂದೇ ಮುಖ ನೋಡುತ್ತಾ ನಿನ್ನನ್ನು ಹುಡುಕಿದೆ. ಆಮೇಲೆ ನೆನಪಾಯಿತು, ಆರತಿ ತಟ್ಟೆ ಕೆಳಗಿಡಿಸಿ ನಿನ್ನ ಕೈಗೆ ಫೋನು ಕೊಟ್ಟಿದ್ದೆವು. ಆ ಫೋಟೋ ತೆಗೆದವಳು ನೀನು.