ಗೆಳೆಯನ ಎಡಗೈ

ನವೆಂಬರ್ ೧೪, ಗುರುವಾರ. ಊಟವಾಯಿತು, ಕಿವಿ ಇನ್ನೂ ಬಿಸಿಯಾಗಿದೆ.

ಹೊಸ ಟ್ರಾನ್ಸೀವರ್ ಬಂದು ಒಂಬತ್ತು ದಿನ. ವರ್ಷಗಟ್ಟಲೆ ಆಸೆಪಟ್ಟ, ಕೇಳಲೂ ಕಳಿಸಲೂ ಆಗುವ ಹ್ಯಾಮ್ ರೇಡಿಯೋ. ಗೊರಗೊರ ಸದ್ದನ್ನೆಲ್ಲ ಸೋಸಿ, ಗಿಡ್ಡ-ಉದ್ದ ಸದ್ದುಗಳಾಗಿ ಕೈಯಿಂದ ಕುಟ್ಟಿ ಕಳಿಸುವ ಮೋರ್ಸ್ ಸಂಕೇತಗಳನ್ನು ತಾನೇ ಅಕ್ಷರ ಮಾಡಿ ಪರದೆಯ ಮೇಲೆ ತೋರಿಸುತ್ತದೆ. ಗಡಿಯಾರ ರಿಪೇರಿಯ ಗೆಳೆಯ ಎಂದಿನಂತೆ ಸಂಜೆ ಐದಕ್ಕೆ ರೇಡಿಯೋದಲ್ಲಿ ಸಿಕ್ಕ. ಕಾಲು ಗಂಟೆ ಪರದೆ ಓದುತ್ತ ಉತ್ತರಿಸಿದೆ. ಆಮೇಲೆ ಅವನ ಫೋನು ಬಂತು.

"ಏನೂ ಗೊತ್ತಾಗಲಿಲ್ವೇನಯ್ಯಾ? ಬಲಗೈ ಸೋಮವಾರದಿಂದ ಮಾತು ಕೇಳ್ತಿಲ್ಲ. ಅವತ್ತಿಂದ ಕುಟ್ತಿರೋದು ಎಡಗೈಲಿ."

"ಡಾಕ್ಟರ್ ಏನಂದ್ರು?"

"ಅದಿರಲಿ. ಮೂವತ್ತು ವರ್ಷ ನನ್ನ ಕೈ ಕೇಳಿದ ಕಿವೀನ ಎಲ್ಲಿ ಮಾರ್ಕೊಂಡೆ, ಅದು ಹೇಳು."

ನಗುತ್ತಲೇ ಕೇಳಿದ. ನನಗೆ ನಗು ಬರಲಿಲ್ಲ. ನಾನೇ ಕಟ್ಟಿದ ಹಳೆಯ ಸೆಟ್ಟಿನ ಗದ್ದಲದಲ್ಲೂ, ಹೆಸರು ಹೇಳುವ ಮೊದಲೇ ಅವನೆಂದು ತಿಳಿಯುತ್ತಿತ್ತು. ಉದ್ದದ ಸದ್ದನ್ನು ಇನ್ನಷ್ಟು ಎಳೆಯುತ್ತಿದ್ದ, ಬಾಗಿಲಲ್ಲಿ ನಿಂತು ಹೊರಡಲು ಮನಸ್ಸಿಲ್ಲದವನ ಹಾಗೆ. ಹೆಂಡತಿಯೊಡನೆ ಜಗಳವಾಡಿ ಬಂದಿದ್ದರೆ ಅದೂ ಕೇಳಿಸುತ್ತಿತ್ತು.

ಅನುವಾದಗಳನ್ನೇ ಓದಿ ಬೆಳೆದವನು ನಾನು, ಅವುಗಳ ಋಣ ದೊಡ್ಡದು. ಆದರೆ ಅವನ ಕೈಯ ಮೂಲ ಬಲ್ಲವನು ಪರದೆಯ ಅನುವಾದ ಹಿಡಿದು ಕೂತದ್ದಕ್ಕೆ ಯಾವ ನೆಪವೂ ಇಲ್ಲ.

ನಾಳೆ ಐದಕ್ಕೆ ಪರದೆ ಆಫ್ ಮಾಡಿ ಕೂರುತ್ತೇನೆ. ಅವನ ಎಡಗೈಯನ್ನು ಮೊದಲಿನಿಂದ ಕಲಿಯಬೇಕು. ಅವನಿಗಿನ್ನೂ ಹೇಳಿಲ್ಲ.